ನಿದಾನವೂ ನಿಧಾನವೂ

ರಸ್ತೆಯ ನಡುವೆ ಕಾರೊಂದು ನಿಂತುಹೋದರೆ ನಮ್ಮಲ್ಲಿ ಮೊದಲು ಕೂಡುವುದು ಜನ; ಆಮೇಲೆ ಕೂಡುವುದು ಅಭಿಪ್ರಾಯ. ಜನ ಕರಗಿದ ಮೇಲೂ ಅಭಿಪ್ರಾಯ ಕರಗುವುದಿಲ್ಲ. ‘ಬ್ಯಾಟರಿ ಹೋಗಿದೆ’ ಎನ್ನುವವರು ಒಬ್ಬರು; ‘ಪೆಟ್ರೋಲಿಗೆ ನೀರು ಸೇರಿದೆ’ ಎನ್ನುವವರು ಇನ್ನೊಬ್ಬರು; ‘ಹಳೇ ಗಾಡಿ, ಇನ್ನೆಷ್ಟು ದಿನ ಓಡೀತು ಬಿಡಿ’ ಎಂದು ನೇರವಾಗಿ ವೇದಾಂತಕ್ಕೇ ಇಳಿಯುವವರು ಮತ್ತೊಬ್ಬರು. ಇವರಲ್ಲಿ ಒಬ್ಬರೂ ಬಾನೆಟ್ಟನ್ನು ಎತ್ತಿ ನೋಡಿರುವುದಿಲ್ಲ. ನೋಡಿದರೆ ಅಭಿಪ್ರಾಯದ ಸೊಗಸು ಕೆಟ್ಟೀತೆಂಬ ಭಯವಿರಬೇಕು.

ಕನ್ನಡದಲ್ಲಿ ನಿದಾನ, ನಿಧಾನ ಎಂದು ಎರಡು ಮಾತುಗಳಿವೆ. ಅಲ್ಪಪ್ರಾಣದ ನಿದಾನವೆಂದರೆ ರೋಗದ ಮೂಲ, ಅದನ್ನು ಕಂಡುಹಿಡಿಯುವ ಬಗೆ, ವೈದ್ಯಶಾಸ್ತ್ರದ ಮಾತು. ಮಹಾಪ್ರಾಣದ ನಿಧಾನವೆಂದರೆ ಆತುರವಿಲ್ಲದಿರುವುದು, ಮನೆಮಾತು. ಸಂಸ್ಕೃತದಲ್ಲಿ ಅದಕ್ಕೆ ನಿಧಿ ಎಂಬ ಅರ್ಥವೂ ಉಂಟು. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈ ಎರಡು ಪದಗಳು ಒಂದರ ಅಂಗಿಯನ್ನು ಇನ್ನೊಂದು ತೊಟ್ಟುಕೊಂಡು ಓಡಾಡುತ್ತಿರುತ್ತವೆ. ನಾನು ಕೆಂಪು ಗೆರೆ ಎಳೆಯುತ್ತೇನೆ. ಅದು ಸಂಬಳಕ್ಕೆ ಸೇರಿದ ಕೆಲಸ. ಆದರೆ ಈ ಎರಡು ಮಾತುಗಳ ನಡುವೆ ಬರಿಯ ಕಾಗುಣಿತಕ್ಕಿಂತ ಹತ್ತಿರದ ನಂಟಿದೆಯೆಂಬುದು ನನಗೆ ತಿಳಿದದ್ದು ನಿಘಂಟಿನಿಂದಲ್ಲ, ಮೈಸೂರಿನ ಒಂದು ಕಾರಿನ ಶೆಡ್ಡಿನಲ್ಲಿ.

ಆ ಶೆಡ್ಡು ನನ್ನ ಅಕ್ಕನ ಮನೆಯದು. ಅದರೊಳಗಿರುವುದು ಎಂ.ಜಿ.ಎ. ಎಂಬ ಹೆಸರಿನ ಎರಡೇ ಆಸನದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರುಗಳ ಮಾರಾಟ, ರಿಪೇರಿ ನಡೆಸುತ್ತಿದ್ದ ಅಂಗಡಿ ಅದು. ಸಿಸಿಲ್ ಕಿಂಬರ್ ಎಂಬಾತ 1922ರಲ್ಲಿ ಅದರ ಮುಖ್ಯಸ್ಥನಾದ ಮೇಲೆ ಸಾಧುವಾದ ಮಾರಿಸ್ ಗಾಡಿಗಳಿಗೆ ಚುರುಕಾದ ಮೈ ತೊಡಿಸುವ ಹವ್ಯಾಸ ಬೆಳೆದು, ಅದೇ ಒಂದು ಹೆಸರಾಗಿ ನಿಂತಿತು. 1929ರಲ್ಲಿ ಕಾರ್ಖಾನೆ ಅಬಿಂಗ್‌ಡನ್ ಎಂಬ ಊರಿಗೆ ಹೋಯಿತು, 1980ರಲ್ಲಿ ಮುಚ್ಚಿತು. ಎಂ.ಜಿ.ಎ. ಕಾರು ಅಲ್ಲಿ 1955ರಿಂದ 1962ರವರೆಗೆ ತಯಾರಾಯಿತು. ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳು. ಬಹುಪಾಲು ಕಡಲು ದಾಟಿ ಅನ್ಯದೇಶಗಳಿಗೇ ಹೋದವು. ಬಾಗಿಲುಗಳಿಗೆ ಹೊರಗಡೆ ಹಿಡಿಯೇ ಇಲ್ಲ; ಕೈಯನ್ನು ಒಳಕ್ಕೆ ಇಳಿಬಿಟ್ಟು ಒಂದು ಹುರಿಯನ್ನು ಎಳೆಯಬೇಕು. ಮಳೆ ಬಂದರೆ ಏನು ಗತಿ ಎಂದು ಕೇಳಬಾರದು. ಅದನ್ನು ಮಾಡಿದವರು ಕೇಳಿಕೊಂಡಂತೆ ಕಾಣುವುದಿಲ್ಲ.

ಇಷ್ಟು ವಿಲಾಯಿತಿ ವಸ್ತುವಿಗೆ ನಮ್ಮ ದೇಶದಲ್ಲಿ ಒಂದು ನೆಂಟಸ್ತಿಕೆಯೂ ಉಂಟು. ನಮ್ಮ ಅಂಬಾಸಡರ್ ಕಾರು ಹುಟ್ಟಿದ್ದು ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯಿಂದ. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ಅದನ್ನು ಮಾಡುತ್ತಿದ್ದರು. ಬಹುಕಾಲ ಅದರ ಹೊಟ್ಟೆಯಲ್ಲಿದ್ದ 1489 ಸಿ.ಸಿ. ಎಂಜಿನ್ನೂ, ಎಂ.ಜಿ.ಎ.ಯ ಮೊದಲ ಮಾದರಿಯ 1489 ಸಿ.ಸಿ. ಎಂಜಿನ್ನೂ ಒಂದೇ ವಂಶದವು. ಒಂದಕ್ಕೆ ಒಂದು ಕಾರ್ಬೊರೇಟರು, ಇನ್ನೊಂದಕ್ಕೆ ಎರಡು. ಒಂದು ಮದುವೆಯ ದಿಬ್ಬಣವನ್ನು ಹೊತ್ತು ಘಟ್ಟ ಹತ್ತಿತು. ಇನ್ನೊಂದು ಇಬ್ಬರನ್ನು ಕೂರಿಸಿಕೊಂಡು ಗಾಳಿ ಸೀಳಿತು. ಗೋತ್ರ ಒಂದೇ, ಸಂಸಾರ ಬೇರೆ. ಈ ಸಂಬಂಧ ಮುಂದೆ ಕೆಲಸಕ್ಕೆ ಬಂತು.

ಗಾಡಿ ನನ್ನ ಭಾವನವರದು. ಬ್ಯಾಂಕಿನ ನೌಕರಿಯಲ್ಲಿದ್ದು, ಜೀವಮಾನದಲ್ಲಿ ಒಂದೇ ಒಂದು ಅವಿವೇಕ ಮಾಡಬೇಕೆಂದು ನಿಶ್ಚಯಿಸಿ, 1987ರಲ್ಲಿ ಕೊಡಗಿನ ಒಬ್ಬ ಕಾಫಿ ಪ್ಲಾಂಟರರಿಂದ ಅದನ್ನು ಕೊಂಡರು. ಬಿಳಿಯ ಬಣ್ಣ, ಹಳೆಯದಾಗಿ ಹಾಲಿನ ಕೆನೆಯಂತಾಗಿದೆ. ಮಿಕ್ಕ ಎಲ್ಲ ವಿಷಯಗಳಲ್ಲೂ ಲೆಕ್ಕ ಬರೆದಿಡುತ್ತಿದ್ದ ಅವರು ಈ ಗಾಡಿಯ ಲೆಕ್ಕವನ್ನು ಮಾತ್ರ ಬರೆಯಲಿಲ್ಲ. ಭಾನುವಾರದ ಬೆಳಿಗ್ಗೆ ಅದನ್ನು ಹೊರಡಿಸಿಕೊಂಡು ಚಾಮುಂಡಿಬೆಟ್ಟದ ಕಡೆ ಹೋಗಿ ಬರುವುದು ಪದ್ಧತಿ. ಅಕ್ಕ ಅದರಲ್ಲಿ ಕುಳಿತದ್ದು ಕಡಮೆ. ‘ತಲೆ ಕೂದಲೆಲ್ಲ ಗಾಳಿಪಟ ಆಗುತ್ತೆ’ ಎಂಬುದು ಅವಳ ದೂರು. ಗೇಟು ತೆಗೆಯುವ ಕೆಲಸ ಮಾತ್ರ ಅವಳದು.

2022ರಲ್ಲಿ ಭಾವನವರು ತೀರಿಕೊಂಡರು. ಗಾಡಿ ಶೆಡ್ಡಿನಲ್ಲಿ ನಿಂತಿತು. ಮೂರು ವರ್ಷವಾದ ಮೇಲೆ ಅಕ್ಕನ ಮಗಳು ಹೈದರಾಬಾದಿನಿಂದ ಬಂದಾಗ ಒಮ್ಮೆ ಹೊರಡಿಸಿ ನೋಡಿದರು, ಹೊರಡಲಿಲ್ಲ. ಅಲ್ಲಿಂದ ಅಭಿಪ್ರಾಯಗಳು ಸುರುವಾದವು. ಒಂದು ವರ್ಕ್‌ಷಾಪಿನವರು ಬಂದು ಹೊಸ ಬ್ಯಾಟರಿ ಹಾಕಿದರು. ಎಂಜಿನ್ನು ಮುಲುಗುಟ್ಟಿತೇ ಹೊರತು ತಿರುಗಲಿಲ್ಲ. ಸ್ಟಾರ್ಟರನ್ನು ಬಿಚ್ಚಿ, ಹೊಸ ತಂತಿ ಸುತ್ತಿಸಿ ತಂದರು. ಮತ್ತೆ ಅದೇ ಮುಲುಕು. ಕೊನೆಗೆ, ‘ಒಳಗೆ ಎಂಜಿನ್ ಹಿಡಕೊಂಡುಬಿಟ್ಟಿದೆ; ಪೂರ್ತಿ ಬಿಚ್ಚಬೇಕು’ ಎಂದು ತೀರ್ಪು ಕೊಟ್ಟು, ಒಂದು ಅಂದಾಜು ಬರೆದುಕೊಟ್ಟರು. ಅಕ್ಕನ ಪಿಂಚಣಿ ಎಷ್ಟು ತಿಂಗಳು ಸೇರಿದರೆ ಅಷ್ಟಾದೀತೆಂದು ಲೆಕ್ಕ ಹಾಕುವುದಕ್ಕೂ ನಾವು ಹೋಗಲಿಲ್ಲ. ಅದೇ ವಾರ ಬೆಂಗಳೂರಿನಿಂದ ಕೊಳ್ಳುವವರೊಬ್ಬರು ಬಂದರು. ಗಾಡಿಯ ಸುತ್ತ ಎರಡು ಸಾರಿ ಪ್ರದಕ್ಷಿಣೆ ಮಾಡಿ, ‘ಓಡುವ ಗಾಡಿಯ ಬೆಲೆ ಬೇರೆ, ನಿಂತ ಗಾಡಿಯ ಬೆಲೆ ಬೇರೆ’ ಎಂದರು. ಮಾತು ನ್ಯಾಯವಾದದ್ದೇ. ಆದರೆ ಅವರು ಹೇಳಿದ ಬೆಲೆ ನಿಂತ ಗಾಡಿಯದಾಗಿರಲಿಲ್ಲ, ಗುಜರಿಯದಾಗಿತ್ತು.

ಮನೆಯಲ್ಲಿ ಎಲ್ಲರೂ ಮಾರಿಬಿಡು ಎಂದರು. ಕಾನೂನಿನ ಭಯವನ್ನೂ ಕೆಲವರು ಹುಟ್ಟಿಸಿದರು: ಹಳೆಯ ಗಾಡಿಗಳನ್ನೆಲ್ಲ ಸರ್ಕಾರ ಮುರಿಸಿಹಾಕುತ್ತದಂತೆ. ಇದು ಅರ್ಧ ಮಾತು. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡಿಸದ ಗಾಡಿಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ವರ್ಗವಿದೆ. ಮೊದಲೇ ನೋಂದಾಯಿಸಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನವೂ ರಸ್ತೆಯ ಮೇಲೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ — ಇಂಥವಕ್ಕೆ ಅಡ್ಡಿಯಿಲ್ಲ. ಇದನ್ನು ಓದಿ ಹೇಳಿದೆ. ಅಕ್ಕ ಎಲ್ಲವನ್ನೂ ಕೇಳಿ ಒಂದೇ ಮಾತು ಆಡಿದಳು:

“ಅದು ಸತ್ತಿದೆಯೋ, ನಿದ್ದೆ ಮಾಡ್ತಿದೆಯೋ, ಅಷ್ಟು ನನಗೆ ತಿಳೀಬೇಕು ಕಣೋ. ಸತ್ತಿದ್ರೆ ಕಳಿಸಿಕೊಡೋಣ. ನಿದ್ದೆ ಮಾಡ್ತಿರೋದನ್ನ ಹೇಗೆ ಕಳಿಸೋದು?”

ಹೀಗಾಗಿ ಆ ಹಿರಿಯರನ್ನು ಹುಡುಕಿಕೊಂಡು ಹೋದೆವು. ವಯಸ್ಸು ಎಪ್ಪತ್ತು ಮೀರಿದೆ. ನಲವತ್ತು ವರ್ಷ ಅಂಬಾಸಡರ್ ಟ್ಯಾಕ್ಸಿಗಳ ಹೊಟ್ಟೆಯಲ್ಲಿ ಕೈಯಾಡಿಸಿದವರು. ಟ್ಯಾಕ್ಸಿಗಳು ಹೋದ ಮೇಲೆ ಮನೆಯಲ್ಲೇ ಇದ್ದಾರೆ. ‘ಅಂಬಾಸಡರಿನ ತಮ್ಮನೊಬ್ಬ ಮಲಗಿದ್ದಾನೆ, ಬಂದು ನೋಡಬೇಕು’ ಎಂದೆ. ಒಂದು ಚೀಲ ಹಿಡಿದು ಬಂದರು. ಚೀಲದಲ್ಲಿ ನಾಲ್ಕು ಸ್ಪ್ಯಾನರು, ಎರಡು ತಿರುಪುಳಿ, ತಂತಿ ಕಟ್ಟಿದ ಒಂದು ಬಲ್ಬು, ಒಂದಿಷ್ಟು ಉಪ್ಪುಕಾಗದ.

ಬಂದವರು ಗಾಡಿಗೆ ಕೈ ಹಾಕಲಿಲ್ಲ. ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ಅಕ್ಕನನ್ನು ಕೇಳತೊಡಗಿದರು: ಕೊನೆಯ ಸಾರಿ ಓಡಿದಾಗ ಹೇಗಿತ್ತು? ತಾನಾಗಿ ನಿಂತಿತೋ, ಯಜಮಾನರು ನಿಲ್ಲಿಸಿ ಬಂದರೋ? ಆಮೇಲೆ ಯಾರು ಯಾರು ಏನೇನು ಬಿಚ್ಚಿದರು? ಓಡುತ್ತ ಓಡುತ್ತ ನಿಂತ ಗಾಡಿಯ ಕಥೆ ಬೇರೆ, ನಿಲ್ಲಿಸಿಟ್ಟಿದ್ದು ಹೊರಡದ ಗಾಡಿಯ ಕಥೆ ಬೇರೆ ಎಂದರು. ಮೊದಲನೆಯದಕ್ಕೆ ಏನೋ ಮುರಿದಿರುತ್ತದೆ. ಎರಡನೆಯದಕ್ಕೆ ಏನೋ ಮಂಕಾಗಿರುತ್ತದೆ. ಭಾವನವರು ಅದನ್ನು ಚೆನ್ನಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದ್ದರು ಎಂದು ಅಕ್ಕ ಹೇಳಿದಳು. “ಹಾಗಾದ್ರೆ ಅಮ್ಮ, ಹೆದರಬೇಡಿ” ಎಂದರು. ಅಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಆ ಕಾಲು ಗಂಟೆಯನ್ನು ಹಿಂದೆ ಯಾರೂ ವ್ಯಯಮಾಡಿರಲಿಲ್ಲ.

ಅವರು ಹೇಳಿದ ಸೂತ್ರ ಸರಳವಾದದ್ದು. ಎಂಜಿನ್ನು ಹೊರಡಬೇಕಾದರೆ ನಾಲ್ಕು ಸೇರಬೇಕು: ತಿರುಗುವ ಬಲ, ಪೆಟ್ರೋಲು, ಗಾಳಿ, ಕಿಡಿ. ಕಿಡಿಯಿದ್ದರೆ ಸಾಲದು, ಸಮಯಕ್ಕೆ ಸರಿಯಾಗಿ ಬರಬೇಕು. ಗಾಳಿಯಿದ್ದರೆ ಸಾಲದು, ಸಿಲಿಂಡರಿನೊಳಗೆ ಒತ್ತಡಕ್ಕೆ ಸಿಕ್ಕಬೇಕು. ಇವನ್ನು ಒಂದೊಂದಾಗಿ ನೋಡಬೇಕು. ಒಂದು ಸರಿಯಿದೆಯೆಂದು ಖಾತ್ರಿಯಾಗುವ ತನಕ ಇನ್ನೊಂದನ್ನು ಮುಟ್ಟಬಾರದು. ಇಷ್ಟೆ ಶಾಸ್ತ್ರ. ಮಿಕ್ಕದ್ದೆಲ್ಲ ಕೈಗುಣ.

ಮೊದಲು ಎಂಜಿನ್ನು ನಿಜವಾಗಿ ಹಿಡಿದುಕೊಂಡಿದೆಯೇ ಎಂಬ ಪ್ರಶ್ನೆ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ತೂತಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು, ಒಂದು ಲೋಟ ಕಾಫಿಯ ಹೊತ್ತು ಸುಮ್ಮನಿದ್ದರು. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ, “ಮೇಷ್ಟ್ರೆ, ಹಿಂದಿನಿಂದ ಒಂದು ಮೊಳ ತಳ್ಳಿ” ಎಂದರು. ತಳ್ಳಿದೆ. ಗಾಡಿ ಸರಿಯಿತು, ಮುಂದೆ ಫ್ಯಾನು ಸರಾಗವಾಗಿ ತಿರುಗಿತು. ಹಿಡಿದುಕೊಂಡ ಎಂಜಿನ್ನು ಹಾಗೆ ತಿರುಗುವುದಿಲ್ಲ. ‘ಪೂರ್ತಿ ಬಿಚ್ಚಬೇಕು’ ಎಂಬ ತೀರ್ಪು, ಅದರ ಬಾಲದಲ್ಲಿದ್ದ ಅಂದಾಜು, ಎರಡೂ ಆ ಒಂದು ಮೊಳದ ದಾರಿಯಲ್ಲಿ ಬಿದ್ದುಹೋದವು.

ಹಾಗಾದರೆ ಹೊಸ ಬ್ಯಾಟರಿ, ಹೊಸ ತಂತಿಯ ಸ್ಟಾರ್ಟರು, ಸರಾಗವಾದ ಎಂಜಿನ್ನು — ಇಷ್ಟಿದ್ದೂ ಏಕೆ ಮುಲುಕುತ್ತದೆ? ಈ ಕಾಲದ ಗಾಡಿಗಳಲ್ಲಿ ಬ್ಯಾಟರಿಯ ಋಣಧ್ರುವವನ್ನು ಗಾಡಿಯ ಮೈಗೆ ಸೇರಿಸಿರುತ್ತಾರೆ. ಈ ಗಾಡಿಗೆ ಧನಧ್ರುವ. ಅದು ಸರಿಯಾಗಿದೆಯೇ ಎಂದು ಹಿರಿಯರು ನೋಡಿದರು, ಸರಿಯಾಗಿತ್ತು. ಮುಂದಿನ ದೀಪಗಳನ್ನು ಹಾಕಿ, ಗೋಡೆಯ ಮೇಲೆ ಬಿದ್ದ ಬೆಳಕನ್ನು ನೋಡುತ್ತಿರುವಂತೆ ನನಗೆ ಹೇಳಿದರು. ಈ ಗಾಡಿಯ ಸ್ಟಾರ್ಟರು ಕೀಲಿಯಿಂದ ಹೊರಡುವುದಲ್ಲ. ಮುಂಭಾಗದ ಹಲಗೆಯಲ್ಲಿ ಎಸ್ ಎಂಬ ಅಕ್ಷರದ ಗುಂಡಿಯೊಂದಿದೆ, ಅದನ್ನು ಎಳೆಯಬೇಕು. ಎಳೆದರು. ಎಂಜಿನ್ನು ಮುಲುಕಿತು, ಬೆಳಕು ಹಾಗೇ ಇತ್ತು.

“ಕಂಡ್ರಾ?” ಎಂದರು. “ಬ್ಯಾಟರಿ ಸೋತಿದ್ರೆ ದೀಪ ಮಂಕಾಗಬೇಕು. ಎಂಜಿನ್ ಬಿಗಿ ಇದ್ರೆ ಸ್ಟಾರ್ಟರು ಜಾಸ್ತಿ ಕರೆಂಟು ಕುಡೀತದೆ, ಆಗಲೂ ದೀಪ ಮಂಕಾಗಬೇಕು. ಮಂಕಾಗಲಿಲ್ಲ. ಅಂದ್ರೆ ಕರೆಂಟು ಇದೆ, ಹೋಗೋಕೆ ದಾರಿ ಇಲ್ಲ.”

ನಮ್ಮ ತರ್ಕಶಾಸ್ತ್ರದವರು ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಒಂದು ಉದಾಹರಣೆಯನ್ನು ಶತಮಾನಗಳಿಂದ ಸವೆಸುತ್ತ ಬಂದಿದ್ದಾರೆ. ಅಡುಗೆಮನೆಯಲ್ಲಿ ಹೊಗೆಯಿದೆ, ಬೆಂಕಿಯೂ ಇದೆ. ಮಡುವಿನಲ್ಲಿ ಬೆಂಕಿಯಿಲ್ಲ, ಹೊಗೆಯೂ ಇಲ್ಲ. ಮೊದಲನೆಯದು ಅನ್ವಯ, ಎರಡನೆಯದು ವ್ಯತಿರೇಕ. ಇದನ್ನು ಪಾಠ ಹೇಳುವಾಗ ಹುಡುಗರು ಆಕಳಿಸುತ್ತಾರೆ, ಅವರ ತಪ್ಪಲ್ಲ. ಆ ದಿನ ಅವರನ್ನೆಲ್ಲ ಶೆಡ್ಡಿಗೆ ಕರೆತರಬೇಕಾಗಿತ್ತು. ಏಕೆಂದರೆ, ಎರಡನೆಯ ಸಾರಿ ಗುಂಡಿಯನ್ನು ಎಳೆದಾಗ ಹಿರಿಯರು ಎಂಜಿನ್ನಿನ ಕಡೆ ಬಾಗಿ, ಚೋಕಿನ ತಂತಿಯ ಮೇಲೆ ಎರಡು ಬೆರಳಿಟ್ಟು, ಥಟ್ಟನೆ ಕೈ ತೆಗೆದರು. ತಂತಿಯ ಹೊದಿಕೆಯಿಂದ ಎಳೆಯಷ್ಟು ಹೊಗೆ ಎದ್ದಿತು. ಅವರ ಮುಖ ಅರಳಿತು.

ಅದರ ಗುಟ್ಟು ಇದು. ವಿದ್ಯುತ್ತು ಹೋದರೆ ಸಾಲದು. ಹೋದದ್ದು ಹಿಂದಿರುಗಿ ಸುತ್ತು ಪೂರ್ತಿಯಾಗಬೇಕು. ಸ್ಟಾರ್ಟರು ಎಂಜಿನ್ನಿನ ಮೈಗೆ ಅಂಟಿಕೊಂಡಿದೆ. ಎಂಜಿನ್ನು ರಬ್ಬರಿನ ದಿಂಬುಗಳ ಮೇಲೆ ಕುಳಿತಿದೆ. ರಬ್ಬರು ವಿದ್ಯುತ್ತನ್ನು ಬಿಡುವುದಿಲ್ಲ. ಆದ್ದರಿಂದ ಎಂಜಿನ್ನಿನ ಮೈಯಿಂದ ಗಾಡಿಯ ಚೌಕಟ್ಟಿಗೆ ಹೆಣೆದ ತಾಮ್ರದ ಒಂದು ಪಟ್ಟಿಯನ್ನು ಕಟ್ಟಿರುತ್ತಾರೆ. ಮೆಕ್ಯಾನಿಕ್ಕುಗಳು ಇದಕ್ಕೆ ‘ಅರ್ತು’ ಎನ್ನುತ್ತಾರೆ — ಭೂಮಿ. ಆ ಪಟ್ಟಿ ಕಡಿದರೆ ನೂರಕ್ಕೂ ಮೀರಿದ ಆಂಪಿಯರು ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ಉಳಿದಿರುವ ಲೋಹದ ನಂಟು ಚೋಕಿನ ತಂತಿಯಂಥ ಬಡಪಾಯಿಗಳದು. ಆನೆ ಹೋಗಬೇಕಾದಲ್ಲಿ ಇರುವೆಯ ದಾರಿ. ಇರುವೆಯ ದಾರಿ ಸುಟ್ಟೀತು, ಆನೆಯಂತೂ ದಾಟದು. ಹಿರಿಯರು ಗಾಡಿಯಡಿ ಮಲಗಿ ನೋಡಿದರೆ, ಪಟ್ಟಿ ಪಚ್ಚೆಗಟ್ಟಿ ಎಳೆಎಳೆಯಾಗಿ ಹರಿದು, ನಾಲ್ಕಾರು ಎಳೆಗಳಲ್ಲಿ ಜೋಲಾಡುತ್ತಿತ್ತು. ಅವರು ಆಗಲೂ ಆತುರಪಡಲಿಲ್ಲ. ದಪ್ಪನೆಯ ಒಂದು ಕೇಬಲ್ಲಿನಿಂದ ಎಂಜಿನ್ನನ್ನೂ ಚೌಕಟ್ಟನ್ನೂ ಸೇರಿಸಿ ಗುಂಡಿ ಎಳೆಸಿದರು: ಎಂಜಿನ್ನು ಗಿರ‍್ರನೆ ತಿರುಗಿತು. ಕೇಬಲ್ಲು ತೆಗೆದು ಎಳೆಸಿದರು: ಮುಲುಕಿತು. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ನಾನು ಮನಸ್ಸಿನಲ್ಲೇ ಅವರಿಗೊಂದು ಶಾಲು ಹೊದಿಸಿದೆ.

ಹೊಸ ಪಟ್ಟಿ ತಂದು ಹಾಕಿದ್ದಾಯಿತು. ತುಕ್ಕು ಹಿಡಿದ ಜಾಗವನ್ನು ಲೋಹ ಹೊಳೆಯುವಂತೆ ಉಜ್ಜಿದ್ದಾಯಿತು. ಎಂಜಿನ್ನು ಚೆನ್ನಾಗಿ ತಿರುಗುತ್ತದೆ, ಆದರೆ ಹೊರಡುವುದಿಲ್ಲ. ನನಗೆ ನಿರಾಶೆಯಾಯಿತು. ಅವರಿಗೆ ಆಗಲಿಲ್ಲ. “ಮೂರು ವರ್ಷ ಮಲಗಿದವನಿಗೆ ಒಂದೇ ಕಾಯಿಲೆ ಇರೋಕೆ ಆಗ್ತದಾ?” ಎಂದರು.

ಇನ್ನು ಪೆಟ್ರೋಲಿನ ಸರದಿ. ತೊಟ್ಟಿಯಿಂದ ಒಂದಿಷ್ಟು ಇಳಿಸಿ ಮೂಸಿ ನೋಡಿ ನನ್ನ ಮೂಗಿಗೂ ಹಿಡಿದರು. ಪೆಟ್ರೋಲಿನ ವಾಸನೆಯಲ್ಲ, ಕುರ್ಚಿಗೆ ಬಳಿಯುವ ವಾರ್ನಿಷಿನದು. ನಿಂತ ಪೆಟ್ರೋಲಿನ ಲಘುವಾದ ಭಾಗವೆಲ್ಲ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗುತ್ತದೆ. ಇದರ ಜೊತೆಗೆ ಈಚಿನ ಪೆಟ್ರೋಲಿಗೆ ಎಥನಾಲ್ ಸೇರಿರುತ್ತದೆ. 2025ರ ವೇಳೆಗೆ ನಮ್ಮಲ್ಲಿ ಅದರ ಪ್ರಮಾಣ ನೂರಕ್ಕೆ 20ರಷ್ಟಾಯಿತು. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಅದನ್ನು ಕಂಡರಿಯದ ಕಾಲದ ರಬ್ಬರು ಅದಕ್ಕೆ ತಡೆಯುವುದಿಲ್ಲ. ತೊಟ್ಟಿಯನ್ನು ಬರಿದು ಮಾಡಿ, ರಬ್ಬರಿನ ಕೊಳವೆಗಳನ್ನು ಬದಲಾಯಿಸಿ, ಹೊಸದನ್ನು ಐದು ಲೀಟರು ಹಾಕಿದರು. ಕೀಲಿ ತಿರುಗಿಸಿ, “ಎಲ್ಲರೂ ಸುಮ್ಮನಿರಿ” ಎಂದರು. ನಾವು ಉಸಿರು ಹಿಡಿದು ನಿಂತೆವು. ಏನೂ ಕೇಳಿಸಲಿಲ್ಲ. ಏನೂ ಕೇಳಿಸದಿರುವುದೇ ಅವರಿಗೆ ಬೇಕಾಗಿದ್ದ ಸಾಕ್ಷಿ.

ಈ ಗಾಡಿಯ ಹಿಂಭಾಗದಲ್ಲಿ ಎಸ್.ಯು. ಎಂಬ ವಿದ್ಯುತ್ ಪಂಪೊಂದಿದೆ. ಎಸ್.ಯು. ಎಂದರೆ ಸ್ಕಿನ್ನರ್ ಯೂನಿಯನ್. ಸ್ಕಿನ್ನರರದು ಪಾದರಕ್ಷೆಯ ವ್ಯಾಪಾರದ ಮನೆತನ. ಅವರ ಮೊದಮೊದಲ ಕಾರ್ಬೊರೇಟರುಗಳಲ್ಲಿ ಚರ್ಮದ ತಿದಿ ಇತ್ತೆಂದ ಮೇಲೆ ಕುಲಕಸುಬು ಎಲ್ಲಿಗೆ ಹೋದೀತು! ಆ ಪಂಪು ಆರೋಗ್ಯವಾಗಿದ್ದರೆ ಕೀಲಿ ತಿರುಗಿಸಿದ ಕೂಡಲೆ ಟಿಕ್ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತದೆ. ಕಾರ್ಬೊರೇಟರಿನ ಬಟ್ಟಲುಗಳು ತುಂಬುತ್ತ ಬಂದಂತೆ ಬಡಿತ ನಿಧಾನವಾಗಿ, ತುಂಬಿದ ಮೇಲೆ ನಿಲ್ಲುತ್ತದೆ. ನಿಲ್ಲದೆ ಬಡಿದುಕೊಳ್ಳುತ್ತಲೇ ಇದ್ದರೆ ತೊಟ್ಟಿ ಬರಿದಾಗಿರಬೇಕು, ಇಲ್ಲವೆ ಎಲ್ಲೋ ಸೋರುತ್ತಿರಬೇಕು. ಬಡಿಯದೇ ಇದ್ದರೆ ಅದರೊಳಗಿನ ಬೆಳ್ಳಿಯಂಥ ಎರಡು ಚುಕ್ಕೆಗಳು, ಮುಟ್ಟಿ ಬಿಟ್ಟು ಮಾಡಬೇಕಾದವು, ಮಸಿಗಟ್ಟಿರಬೇಕು. ಹಿರಿಯರು ಸ್ಪ್ಯಾನರಿನ ಹಿಡಿಯಿಂದ ಪಂಪಿನ ತಲೆಗೆ ಮೆಲ್ಲಗೆ ಒಂದು ಕೊಟ್ಟರು. ಮೂರು ಸಾರಿ ಟಿಕ್ ಎಂದು ನಿಂತಿತು. “ಪ್ರಾಣ ಇದೆ” ಎಂದರು. ಮುಚ್ಚಳ ತೆಗೆದು, ಉಪ್ಪುಕಾಗದದ ಬೆರಳಗಲದ ಚೂರನ್ನು ಆ ಚುಕ್ಕೆಗಳ ನಡುವೆ ನಾಲ್ಕು ಸಾರಿ ಎಳೆದರು. ಕೀಲಿ ತಿರುಗಿಸಿದರು. ಶೆಡ್ಡಿನ ಮೌನದಲ್ಲಿ ಆ ಬಡಿತ ಹೊರಟಿತು. ಬೇಗ ಬೇಗ, ಆಮೇಲೆ ತಡೆದು ತಡೆದು, ಆಮೇಲೆ ಒಂದು, ಇನ್ನೊಂದು, ಮುಗಿಯಿತು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಈ ಶಬ್ದ ಕೇಳಿದ ಮೇಲೇ ಇವರು ಚೋಕು ಎಳೀತಿದ್ರು” ಎಂದಳು. ಅವಳಿಗೆ ಗಾಡಿಯ ವಿಷಯ ಏನೂ ತಿಳಿಯದೆಂದು ನಾವೆಲ್ಲ ತಿಳಿದಿದ್ದೆವು.

ಉಳಿದದ್ದು ಕಿಡಿ. ಒಂದು ಪ್ಲಗ್ಗನ್ನು ಪೆಟ್ರೋಲಿನಿಂದ ದೂರವಾಗಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು, ಎಂಜಿನ್ನನ್ನು ತಿರುಗಿಸಿ ನೋಡಿದರು. ಕಿಡಿ ಬಂತು, ಆದರೆ ಊದಿನಕಡ್ಡಿಯ ತುದಿಯಂತೆ ಮಂಕಾದ ಕೆಂಪು. ನೀಲಿಯಾಗಿ, ಚಟ್ಟೆನ್ನಬೇಕು. ಮೆಕ್ಯಾನಿಕ್ಕುಗಳು ‘ಡೆಲ್ಕೊ’ ಎನ್ನುವ ಕಿಡಿಹಂಚುವ ಯಂತ್ರದ ಟೋಪಿಯನ್ನು ತೆಗೆದರು. ಅಲ್ಲಿಯೂ ಮುಟ್ಟಿ ಬಿಡುವ ಎರಡು ಚುಕ್ಕೆಗಳೇ. ಅವಕ್ಕೆ ಪಾಯಿಂಟು ಎಂದು ಹೆಸರು. ಅವು ಬಿಟ್ಟ ಕ್ಷಣದಲ್ಲಿ ಸುರುಳಿಯೊಳಗೆ ಹನ್ನೆರಡು ವೋಲ್ಟು ಹತ್ತಾರು ಸಾವಿರವಾಗಿ ನೆಗೆಯುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಇವು ಸೆಕೆಂಡಿಗೆ ನೂರು ಸಾರಿ ಮುಟ್ಟಿ ಬಿಡಬೇಕು. ಅಂಥ ಕೆಲಸಗಾರರು ಮೂರು ಮಳೆಗಾಲ ಸುಮ್ಮನೆ ಕುಳಿತರೆ ಬೂದಿ ಬಣ್ಣದ ಪೊರೆ ಕಟ್ಟದೆ ಇದ್ದೀತೆ? ಅದನ್ನೂ ಉಜ್ಜಿ ಒರಸಿ, ನಡುವಣ ಸಂದನ್ನು 0.015 ಅಂಗುಲಕ್ಕೆ ಹೊಂದಿಸಿದರು. ಅಳತೆಯ ತಗಡು ಚೀಲದಲ್ಲಿತ್ತು. ಆದರೂ ನನ್ನ ವಿಸಿಟಿಂಗ್ ಕಾರ್ಡನ್ನು ಕೇಳಿ ಪಡೆದು, ಒಮ್ಮೆ ತೂರಿಸಿ ತೋರಿಸಿದರು. ದಪ್ಪ ಹೆಚ್ಚು ಕಡಮೆ ಅಷ್ಟೇ. ಆ ಕಾರ್ಡು ಅದಕ್ಕಿಂತ ಘನವಾದ ಕೆಲಸ ಮಾಡಿದ್ದನ್ನು ನಾನು ಕಾಣೆ.

ಈಗ ಕಿಡಿ ನೀಲಿಯಾಗಿತ್ತು. ಪ್ಲಗ್ಗುಗಳು ತಮ್ಮ ತಮ್ಮ ಸ್ಥಾನಕ್ಕೆ ಹೋದವು. ತಂತಿಗಳು 1-3-4-2 ಎಂಬ ತಮ್ಮ ಸರದಿಯಲ್ಲಿ ಕುಳಿತವು. ಹಿರಿಯರು ಆಸನದಲ್ಲಿ ಕುಳಿತು, ಕೀಲಿ ತಿರುಗಿಸಿ, ಪಂಪಿನ ಬಡಿತ ನಿಲ್ಲುವ ತನಕ ಕಾದು, ಚೋಕನ್ನು ಹೊರಕ್ಕೆಳೆದು, ಎಸ್ ಗುಂಡಿಯನ್ನು ಎಳೆದರು. ಒಂದು ಕೆಮ್ಮು, ಎರಡು ಸೀನು, ಹಿಂದಿನಿಂದ ಒಂದು ನೀಲಿ ಹೊಗೆಯ ಮುದ್ದೆ. ಆಮೇಲೆ ನಾಲ್ಕೂ ಸಿಲಿಂಡರುಗಳು ಒಂದಾದ ಮೇಲೊಂದು ದನಿಗೂಡಿಸಿ, ಶೆಡ್ಡಿನ ತಗಡು ನಡುಗುವಂತೆ, ಎಂಜಿನ್ನು ಓಡತೊಡಗಿತು.

ನಾನು ಅಕ್ಕನ ಕಡೆ ತಿರುಗಿದೆ. ಅವಳು ಬಾಗಿಲಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ, ಅಂಗಳ ದಾಟಿ ಹೋಗಿ ಗೇಟು ತೆಗೆಯುತ್ತಿದ್ದಳು. ಎರಡು ಬಾಗಿಲನ್ನೂ ಪೂರ್ತಿ ತೆರೆದು, ಕಲ್ಲು ಆನಿಸಿ, ಪಕ್ಕಕ್ಕೆ ನಿಂತಳು. ಅವಳಿಗೆ ಗೇಟು ತೆಗೆಯಬೇಕೆಂದು ಯಾರೂ ಹೇಳಿರಲಿಲ್ಲ. ಗಾಡಿಯನ್ನು ಹೊರಕ್ಕೆ ಒಯ್ಯುವ ಯೋಚನೆಯೂ ನಮಗಿರಲಿಲ್ಲ. ಮೂವತ್ತೈದು ವರ್ಷ ಆ ಶಬ್ದವನ್ನು ಕೇಳಿದ ಕಾಲುಗಳು ತಾವಾಗಿ ನಡೆದಿದ್ದವು. ಅವಳು ಅದನ್ನು ತಿಳಿದುಕೊಂಡದ್ದು ಸ್ವಲ್ಪ ಹೊತ್ತಾದ ಮೇಲೆ ಎಂದು ತೋರುತ್ತದೆ. ಸೆರಗಿನಿಂದ ಮುಖ ಒರಸಿಕೊಂಡು ಬಂದು, “ಸಾಕು, ನಿಲ್ಲಿಸಿ, ಪೆಟ್ರೋಲು ದಂಡ” ಎಂದಳು. ಹಿರಿಯರು ತಲೆ ತಗ್ಗಿಸಿ ಕೀಲಿ ತಿರುಗಿಸಿದರು. ಅವರಿಗೂ ತಿಳಿದಿತ್ತು.

ಮರುದಿನ ಕೊಳ್ಳುವವರ ಫೋನು ಬಂತು. ಅಕ್ಕನೇ ಮಾತಾಡಿದಳು. “ಗಾಡಿ ಓಡ್ತಾ ಇದೆ. ಮಾರೋದಾದ್ರೆ ಓಡೋ ಗಾಡಿ ಮಾರ್ತೀನಿ, ಇಟ್ಕೊಳ್ಳೋದಾದ್ರೆ ಓಡೋ ಗಾಡಿ ಇಟ್ಕೊಳ್ತೀನಿ. ಇನ್ನೂ ಯೋಚನೆ ಮಾಡಿಲ್ಲ” ಎಂದಳು. ಭಾವನವರು ಹೋದ ಮೇಲೆ ಮನೆಯ ವಿಷಯದಲ್ಲಿ ಅವಳು ‘ನೀವೆಲ್ಲ ಹೇಗೆ ಹೇಳಿದರೆ ಹಾಗೆ’ ಎಂದೇ ಹೇಳುತ್ತ ಬಂದಿದ್ದಳು. ಈಗ ಹದಿನೈದು ದಿನಕ್ಕೊಮ್ಮೆ ಶೆಡ್ಡಿಗೆ ತಾನೇ ಹೋಗಿ, ಕೀಲಿ ತಿರುಗಿಸಿ, ಬಡಿತ ನಿಲ್ಲುವುದನ್ನು ಕಾದು, ಗುಂಡಿ ಎಳೆದು, ಕಾಲು ಗಂಟೆ ಎಂಜಿನ್ನನ್ನು ಓಡಿಸುತ್ತಾಳೆ. ವಿಂಟೇಜ್ ನಿಯಮದ ಕಾಗದಗಳನ್ನು ತುಂಬಲು ನನಗೆ ಅಪ್ಪಣೆಯಾಗಿದೆ.

ಈ ಪ್ರಸಂಗವನ್ನು ನಾನು ಮೆಲುಕು ಹಾಕಿದಾಗಲೆಲ್ಲ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಗಾಡಿಗೆ ಮೂರು ದೋಷಗಳಿದ್ದವು, ಮೂರೂ ಸಣ್ಣವು. ಒಂದು ಹರಿದ ಪಟ್ಟಿ, ಎರಡು ಜೋಡಿ ಮಸಿಗಟ್ಟಿದ ಚುಕ್ಕೆಗಳು. ಆದರೆ ಒಂದರ ಹಿಂದೆ ಒಂದು ಅಡಗಿ ನಿಂತಿದ್ದುದರಿಂದ ಮೊದಲನೆಯದನ್ನು ತೆಗೆಯದೆ ಎರಡನೆಯದು ಕಾಣುತ್ತಿರಲಿಲ್ಲ. ಒಂದನ್ನು ಸರಿಪಡಿಸಿದರೂ ಗಾಡಿ ಹೊರಡುತ್ತಿರಲಿಲ್ಲ. ನಮ್ಮ ಆತುರಕ್ಕೆ ಬೇಕಾದದ್ದು ಒಂದೇ ಕಾರಣ, ಅದೂ ದೊಡ್ಡದು. ಒಂದು ಮದ್ದಿಗೆ ಗುಣವಾಗದಿದ್ದರೆ ರೋಗಿ ಕೈಮೀರಿದನೆಂದು ಹೇಳಿಬಿಡುತ್ತೇವೆ. ಇಂಥ ತೀರ್ಪುಗಳು ಕೊಡುವುದಕ್ಕೆ ಸುಲಭ. ಗುಜರಿಯ ಬೆಲೆ ನಿರ್ಧಾರವಾಗುವುದು ಅವುಗಳಿಂದಲೇ.

ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂರುವ ಹುಡುಗರಿರುತ್ತಾರೆ. ‘ಜಡ’, ‘ಇವನಿಗೆ ಹತ್ತುವುದಿಲ್ಲ’ ಎಂದು ಅಧ್ಯಾಪಕರ ಕೊಠಡಿಯಲ್ಲಿ ಚಹದ ಹೊತ್ತಿಗೆ ತೀರ್ಪಾಗಿರುತ್ತದೆ. ಹಾಗೆಂದು ಹೆಸರಾದ ಒಬ್ಬನನ್ನು ಈಚೆಗೆ ಕರೆದು, ಪಾಠದ ಮಾತೆತ್ತದೆ, ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀಯೆ, ಎಲ್ಲಿಂದ ಬರುತ್ತೀಯೆ ಎಂದು ಕೇಳಿದೆ. ನಾಲ್ಕಕ್ಕೆದ್ದು ಹಾಲು ಹಾಕಿ, ಎರಡು ಬಸ್ಸು ಬದಲಾಯಿಸಿ ಬರುತ್ತಾನೆ. ಕಪ್ಪುಹಲಗೆಯ ಅಕ್ಷರ ಅವನಿಗೆ ಕಾಣುವುದಿಲ್ಲ. ಕನ್ನಡಕ ಒಡೆದು ಆರು ತಿಂಗಳಾಗಿದೆ. ಮೂರನೆಯದು ಏನಿದೆಯೋ ಇನ್ನೂ ತಿಳಿಯದು. ಕನ್ನಡಕ ಬಂದಿದೆ, ಮುಂದಿನ ಬೆಂಚಿಗೆ ಬಂದಿದ್ದಾನೆ. ಇನ್ನೂ ಹೊರಟಿಲ್ಲ. ಆದರೆ ಮೊನ್ನೆ ಒಂದು ಪ್ರಶ್ನೆಗೆ ತುಟಿ ಅಲುಗಿತು. ಕಿವಿಗೊಟ್ಟವರಿಗೆ ಒಂದೆರಡು ಟಿಕ್ ಕೇಳಿಸಿತು.

ನಿದಾನಕ್ಕೆ ನಿಧಾನ ಬೇಕು. ಇದನ್ನು ಬರೆದ ಹುಡುಗನೊಬ್ಬ ಎರಡು ಪದಗಳನ್ನೂ ಅದಲುಬದಲು ಮಾಡಿದರೂ, ಇನ್ನು ಮೇಲೆ ಕೆಂಪು ಗೆರೆಯನ್ನು ಸ್ವಲ್ಪ ಮೆಲ್ಲಗೆ ಎಳೆಯೋಣವೆಂದಿದ್ದೇನೆ.